ಬಸ್ಸಲ್ಲಿ ನಿಂತು ಒಂದೇ ಹೆಬ್ಬೆರಳಲ್ಲಿ ಮೊಬೈಲ್: ನನ್ನ ಅನುಭವ

ನಾನು ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವವ. ಬೆಳಿಗ್ಗೆ ಸೀಟ್ ಸಿಗುದು ಅಪರೂಪ, ಕಾಪು ದಾಟಿದ ಮೇಲೆ ಅಂತೂ ಕಾಲಿಡ್ಲಿಕ್ಕೂ ಜಾಗ ಇರುದಿಲ್ಲ. ಬಲಗೈ ಮೇಲಿನ ಕಂಬಿಯಲ್ಲಿ, ಬ್ಯಾಗ್ ಎದೆ ಮೇಲೆ, ಮೊಬೈಲಿಗೆ ಅಂತ ಉಳಿದದ್ದು ಎಡಗೈ ಒಂದೇ, ಫೋನ್ ನೋಡಿದ್ರೆ 6.6 ಇಂಚು. ಹೋದ ವರ್ಷ ಹೆಜಮಾಡಿ ಟೋಲ್ ಹತ್ರ ಕಂಡಕ್ಟರ್ ಟಿಕೆಟಿಗೆ ಬಂದ್ರು, ಪೇಮೆಂಟ್ ಆಪ್ ಮೇಲಿನ ಮೂಲೆಯಲ್ಲಿ ಇತ್ತು, ಹೆಬ್ಬೆರಳು ಅಲ್ಲಿವರೆಗೆ ಚಾಚುದಕ್ಕೂ ಡ್ರೈವರ್ ಬ್ರೇಕ್ ಹಾಕುದಕ್ಕೂ ಸರಿಹೋಯ್ತು, ಫೋನ್ ಸೀದಾ ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮಲ್ಲಿಗೆ ಬುಟ್ಟಿಗೆ. ಅಜ್ಜಿ ಎಂತದೂ ಹೇಳ್ಲಿಲ್ಲ. ಕಂಡಕ್ಟರ್ ಹೇಳಿದ್ರು.

ಅವತ್ತೇ ಸಂಜೆ ಹೋಮ್ ಸ್ಕ್ರೀನ್ ಸರಿ ಮಾಡ್ಲಿಕ್ಕೆ ಕೂತದ್ದು. ಎಲ್ಲಿಂದ ಸುರು ಮಾಡುದು ಅಂತ ಗೊತ್ತಿರ್ಲಿಲ್ಲ, ಎದುರಿಗೆ ಗೋಳಿಬಜೆ ಇತ್ತು, ತಿಂತಾ ತಿಂತಾ ಎಡಗೈಯಲ್ಲಿ ಫೋನ್ ಹಿಡ್ಕೊಂಡು ಹೆಬ್ಬೆರಳು ಆಚೆ ಈಚೆ ಆಡಿಸಿದೆ. ಸ್ಕ್ರೀನ್ ಆಫ್ ಮಾಡಿ ನೋಡ್ತೇನೆ, ಎಣ್ಣೆಯಲ್ಲಿ ಚಂದದ ಒಂದು ಕಮಾನು ಬಿದ್ದಿದೆ. ಕೆಳಗಿನ ಬಲಮೂಲೆ ಹತ್ರ ಸುರುವಾಗಿ ಎಡಬದಿಯ ನಡುವಿಗೆ ಮುಗೀತದೆ. ನನ್ನ ಬೆರಳು ಎಟಕುದು ಅಷ್ಟೇ ಜಾಗಕ್ಕೆ! ಕಂಪನಿಯವರು ಕೊಟ್ಟ ಸ್ಕ್ರೀನಲ್ಲಿ ಅರ್ಧಕ್ಕರ್ಧ ಬಸ್ಸಲ್ಲಿ ನನಗೆ ಇಲ್ಲದ ಲೆಕ್ಕ. ನೀವೂ ಮಾಡಿ ನೋಡಿ, ಗೋಳಿಬಜೆ ಇಲ್ಲದಿದ್ರೆ ತೆಂಗಿನೆಣ್ಣೆ ಆದ್ರೂ ಆಗ್ತದೆ.

ಆಮೇಲೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಲ್ಲಿ ಬಳಕೆಯ ಲೆಕ್ಕ ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಯಾವ ಆಪ್ ಎಷ್ಟು ಸಲ ತೆಗ್ದಿದ್ದೇನೆ ಅಂತ ನೋಡಿದೆ. 90ಕ್ಕೂ ಜಾಸ್ತಿ ಆಪ್ ಉಂಟು, ದಿನಾ ಮುಟ್ಟುದು ಒಂಬತ್ತು. ನಾಚಿಕೆ ಆಯ್ತು, ಆದ್ರೆ ಕೆಲಸ ಸುಲಭ ಆಯ್ತು. ಆ ಒಂಬತ್ತನ್ನ ಕಮಾನಿನ ಒಳಗೆ ಹಾಕಿದೆ, ಉಳಿದದ್ದು ಹೋಮ್ ಸ್ಕ್ರೀನಿಂದ ತೆಗ್ದೆ, ಮೇಲಿನ ಅರ್ಧದಲ್ಲಿ ಗಡಿಯಾರ ಮತ್ತೆ ಮಳೆಯ ವಿಜೆಟ್ ಮಾತ್ರ, ಯಾಕಂದ್ರೆ ಅದು ನೋಡ್ಲಿಕ್ಕೆ, ಮುಟ್ಲಿಕ್ಕಲ್ಲ.

ಪೇಮೆಂಟಿಗೆ ಆಪ್‌ನ ಐಕಾನ್ ಇಡ್ಲಿಲ್ಲ. ಐಕಾನನ್ನ ಒತ್ತಿ ಹಿಡಿದ್ರೆ ಸಣ್ಣ ಮೆನು ಬರ್ತದಲ್ಲ, ಅದ್ರಲ್ಲಿ ಕ್ಯೂಆರ್ ಸ್ಕ್ಯಾನ್ ಅಂತ ಇದ್ರೆ ಅದನ್ನೇ ಎಳ್ದು ಹೋಮ್ ಸ್ಕ್ರೀನಿಗೆ ಬಿಡ್ಲಿಕ್ಕೆ ಆಗ್ತದೆ. ಮುಟ್ಟಿದ ಕೂಡ್ಲೆ ಸೀದಾ ಸ್ಕ್ಯಾನರ್. ನನಗೆ ಇಡೀ ಈ ಕೆಲಸದಲ್ಲಿ ಅತೀ ಉಪಕಾರ ಆದದ್ದು ಇದೊಂದೇ.

ಲಾಂಚರ್, ಅಂದ್ರೆ ಹೋಮ್ ಸ್ಕ್ರೀನನ್ನೇ ಬೇರೆ ನಮೂನೆ ಮಾಡುವ ಆಪ್, ಅದ್ರ ವಿಷಯಕ್ಕೆ ಬಂದ್ರೆ ಮೊದಲು ನೋವಾ ಹಾಕಿದ್ದೆ, 2011ರಿಂದ ಇರುವ ಹಳೇ ಲಾಂಚರ್ ಅದು, ಐಕಾನನ್ನ ಎಲ್ಲಿ ಬೇಕಾದ್ರೂ ಕೂರಿಸ್ಬಹುದು, ಗ್ರಿಡ್ ನಮಗೆ ಬೇಕಾದ ಹಾಗೆ. 2022ರಲ್ಲಿ ಅದನ್ನ ಬ್ರಾಂಚ್ ಅನ್ನುವ ಅನಲಿಟಿಕ್ಸ್ ಕಂಪನಿ, ಅಂದ್ರೆ ಜನ ಆಪ್ ಹೇಗೆ ಬಳಸ್ತಾರೆ ಅಂತ ಲೆಕ್ಕ ಇಡುವವರು, ತಗೊಂಡ್ತು, ಆಗಿಂದ ನನಗೆ ಯಾಕೋ ಮನಸ್ಸಿಲ್ಲ. ಈಗ ಇರುದು ನಯಾಗರ. ಅದ್ರಲ್ಲಿ ಐಕಾನ್ ಸಾಲೇ ಇಲ್ಲ, ಬೇಕಾದ ಆಪ್‌ಗಳ ಹೆಸರು ಒಂದರ ಕೆಳಗೊಂದು, ಬದಿಯಲ್ಲಿ ಎ ಬಿ ಸಿ ಡಿ, ಬೆರಳು ಎಳೆದ್ರೆ ಆ ಅಕ್ಷರದ ಆಪ್ ಎಲ್ಲ ಎದುರಿಗೆ ಬರ್ತದೆ. ಮಾಡಿದ್ದೇ ಒಂದು ಕೈಯವರಿಗೆ ಅಂತ ಕಾಣ್ತದೆ. ಸುರುವಿಗೆ ನಾಲ್ಕು ದಿನ ಮಂಡೆ ಬಿಸಿ ಆಯ್ತು, ವಾಪಸ್ ಹೋಗುವ ಅಂತ್ಲೇ ಇದ್ದೆ, ಐದನೇ ದಿನ ಬೆರಳು ತನ್ನಷ್ಟಕ್ಕೇ ಹೋಯ್ತು.

ವಾಲ್‌ಪೇಪರಿಗೆ ಮಲ್ಪೆಯ ಸೂರ್ಯಾಸ್ತ ಇತ್ತು, ನಾನೇ ತೆಗ್ದದ್ದು. ಬೇಜಾರಲ್ಲೇ ತೆಗ್ದು ಪೂರ್ತಿ ಕಪ್ಪು ಹಾಕಿದೆ, ಹೆಸರುಗಳು ಬಿಸಿಲಲ್ಲೂ ಕಾಣ್ತವೆ. ಅಮೋಲೆಡ್ ಸ್ಕ್ರೀನ್ ಆದ್ರೆ ಕಪ್ಪು ಇದ್ದಲ್ಲಿ ಬೆಳಕೇ ಉರಿಯುದಿಲ್ಲ, ಬ್ಯಾಟರಿ ಸ್ವಲ್ಪ ಉಳೀತದೆ. ಎಲ್‌ಸಿಡಿಯವರಿಗೆ ಆ ಲಾಭ ಇಲ್ಲ.

ಆಪ್ ಒಳಗೆ ಹೋದ ಮೇಲೆ ಮತ್ತೆ ಅದೇ ರಗಳೆ, ಎಲ್ಲ ಬಟನ್ ಮೇಲೆ. ಕ್ರೋಮ್‌ನಲ್ಲಿ ಅಡ್ರೆಸ್ ಬಾರನ್ನ ಕೆಳಗೆ ತರ್ಲಿಕ್ಕೆ 2025ರಲ್ಲಿ ಆಪ್ಷನ್ ಬಂತು, ತಂದೆ. ಗೂಗಲ್‌ನ ಕೀಬೋರ್ಡ್ ಜಿಬೋರ್ಡಲ್ಲಿ ಕಾಮಾ ಒತ್ತಿ ಹಿಡಿದ್ರೆ ಒಂದು ಕೈ ಮೋಡ್ ಸಿಗ್ತದೆ, ಕೀಬೋರ್ಡ್ ಒಂದು ಬದಿಗೆ ಸಪೂರ ಆಗಿ ಕೂರ್ತದೆ. ಆದ್ರೂ ಹೆಚ್ಚಾಗಿ ನಾನು ಕನ್ನಡದಲ್ಲಿ ಮಾತಾಡಿಯೇ ಟೈಪ್ ಮಾಡುದು, ಪಕ್ಕದವ್ರು ತಿರುಗಿ ನೋಡ್ತಾರೆ, ನೋಡ್ಲಿ. ನೋಟಿಫಿಕೇಶನ್ ಕತೆ ಬೇರೆಯೇ. ಆಫರ್ ಬಂದ್ರೆ ಮೊದಲು ಸಿಟ್ಟಲ್ಲಿ ಪೂರ್ತಿ ಆಪ್‌ದೇ ಬಂದ್ ಮಾಡ್ತಿದ್ದೆ, ಹಾಗೆ ಮಾಡಿ ಒಮ್ಮೆ ಗ್ಯಾಸ್ ಸಿಲಿಂಡರ್ ಬಂದು ವಾಪಸ್ ಹೋದದ್ದೂ ಉಂಟು. ಬಂದ ನೋಟಿಫಿಕೇಶನನ್ನ ಒತ್ತಿ ಹಿಡಿದ್ರೆ ಆ ಒಂದು ನಮೂನೆಯದ್ದು ಮಾತ್ರ ಬಂದ್ ಮಾಡ್ಲಿಕ್ಕೆ ಆಗ್ತದೆ, ಆಂಡ್ರಾಯ್ಡ್ 8ರಿಂದಲೇ ಉಂಟಂತೆ, ನನಗೆ ಗೊತ್ತಾದದ್ದು ಮೊನ್ನೆ.

ಇಷ್ಟೆಲ್ಲ ಮಾಡಿ ಜೂನ್ ಬಂತು ಮಾರಾಯ್ರೆ. ಕೊಡೆ ಮಡಚಿ ಬಸ್ ಹತ್ತಿದ್ರೆ ಕೈ ಚಂಡಿ, ಸ್ಕ್ರೀನ್ ಚಂಡಿ. ಟಚ್ ಸ್ಕ್ರೀನಿಗೆ ಬೆರಳೂ ಒಂದೇ ನೀರಿನ ಹನಿಯೂ ಒಂದೇ, ಎರಡೂ ಕರೆಂಟಿನ ಲೆಕ್ಕದಲ್ಲೇ ಗೊತ್ತಾಗುದಲ್ವಾ, ಹಾಗಾಗಿ ನಾನು ಮುಟ್ಟುವ ಮೊದಲೇ ಹನಿ ಯಾರಿಗೋ ಫೋನ್ ಹಚ್ಚಿಯಾಗಿರ್ತದೆ. ಸೈಡ್ ಬಟನ್ ಎರಡು ಸಲ ಒತ್ತಿದ್ರೆ ಪೇಮೆಂಟ್ ಆಪ್ ತೆರೆಯುವ ಹಾಗೆ ಇಟ್ಟೆ, ನನ್ನ ಫೋನಲ್ಲಿ ಆ ಸೆಟ್ಟಿಂಗ್ ಉಂಟು. ಆಪ್ ತೆರೀತದೆ, ಆದ್ರೆ ಚಂಡಿ ಬೆರಳಿಗೆ ಫಿಂಗರ್‌ಪ್ರಿಂಟ್ ಹಿಡಿಯುದಿಲ್ಲ, ಪಿನ್ ಒತ್ಲಿಕ್ಕೆ ಮತ್ತೆ ಅದೇ ಸ್ಕ್ರೀನ್. ಮಳೆಗಾಲದಲ್ಲಿ ಶರ್ಟಿನ ಕಿಸೆಯಲ್ಲಿ ನೂರರ ನೋಟು ಇಟ್ಕೊಳ್ತೇನೆ.

ಈ ಹುರುಪಲ್ಲೇ ಒಂದು ಭಾನುವಾರ ಅಮ್ಮನ ಫೋನಿಗೂ ಹೀಗೇ ಮಾಡಿಟ್ಟೆ. ಅರ್ಧ ಗಂಟೆಯಲ್ಲಿ ಅಡಿಗೆಕೋಣೆಯಿಂದ ಕೂಗು, "ಎನ್ನ ಮೊಬೈಲ್‌ಗ್ ದಾದ ಮಲ್ತ ಮಾರಾಯ?" (ತುಳುವಲ್ಲಿ, ನನ್ನ ಮೊಬೈಲಿಗೆ ಎಂತ ಮಾಡಿದೆ ಮಾರಾಯ ಅಂತ.) ಅಮ್ಮ ಹೆಸರು ಓದಿ ಆಪ್ ತೆಗೆಯುದೇ ಇಲ್ಲವಂತೆ, ಹಸಿರು ಇರುದು ವಾಟ್ಸಾಪ್, ಅದ್ರ ಕೆಳಗಿನ ಕೆಂಪು ಯಕ್ಷಗಾನ ನೋಡ್ಲಿಕ್ಕೆ. ಎಲ್ಲ ಮೊದಲಿನ ಹಾಗೇ ವಾಪಸ್ ಮಾಡಿ ಕೊಟ್ಟೆ. ಎಲ್ಲಿ ಯಾವುದಿತ್ತು ಅಂತ ನನಗೆ ನೆನಪಿರ್ಲಿಲ್ಲ, ಅವರಿಗೆ ಒಂದೊಂದೂ ನೆನಪಿತ್ತು, ಬೆರಳಿಟ್ಟು ತೋರಿಸಿದ್ರು.