ಬಿದಿರಿನ ಗಾಳಕೋಲು ಕೊಳ್ಳುವ ಮುನ್ನ ಅಳೆದು ನೋಡಿ

ನನ್ನ ಕಾರಿನಲ್ಲಿ ದರ್ಜಿಗಳು ಬಳಸುವಂಥ ಅಳತೆ ಟೇಪೊಂದು ಸದಾ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಹನ್ನೆರಡು ವರ್ಷಗಳ ಹಿಂದೆ ಅದು ಅಲ್ಲಿರಲಿಲ್ಲ. ಇದ್ದಿದ್ದರೆ ನನ್ನ ನಾನೂರು ಡಾಲರ್ ಉಳಿಯುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ನಡುವಿನ ಒಂದು ಊರಿನಲ್ಲಿ, ಮನೆ ಖಾಲಿ ಮಾಡುವವರು ಅಂಗಳದ ತುಂಬ ಹರಡಿದ್ದ ಸಾಮಾನುಗಳ ನಡುವೆ ನನಗೊಂದು ಬಿದಿರಿನ ಗಾಳಕೋಲು ಕಂಡಿತು. ಬುಡ, ನಡು, ಜೊತೆಗೆ ಒಂದರ ಬದಲಿಗೆ ಇನ್ನೊಂದನ್ನು ಜೋಡಿಸಬಹುದಾದ ಎರಡು ತುದಿ. ಜೇನಿನ ಬಣ್ಣದ ವಾರ್ನಿಷ್. ಹಿಡಿಯ ಮೇಲ್ಗಡೆ ಎಂಟೂವರೆ ಅಡಿ ಎಂದು ಶಾಯಿಯಲ್ಲಿ ಬರೆದಿತ್ತು. ಹಿಂದೆ ಮುಂದೆ ನೋಡದೆ ಕೊಂಡೆ. ಮನೆಗೆ ತಂದು ಎರಡು ತುದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದಾಗ ಒಂದು ಇನ್ನೊಂದಕ್ಕಿಂತ ಎರಡೂಮುಕ್ಕಾಲು ಇಂಚು ಮೋಟು. ಎಂದೋ ಮುರಿದ ತುದಿಯನ್ನು ನೀಟಾಗಿ ಕತ್ತರಿಸಿ, ದಾರ ಹಾಯುವ ಉಂಗುರವನ್ನು ಮತ್ತೆ ಅಂಟಿಸಿದ್ದರು. ಸಂಗ್ರಾಹಕರ ಲೆಕ್ಕದಲ್ಲಿ ಅಂಥ ಕೋಲಿನ ಬೆಲೆ ಅರ್ಧಕ್ಕೆ ಇಳಿಯುವುದೂ ಉಂಟು.

ಫ್ಲೈ ಫಿಶಿಂಗ್‌ನ ರಾಡ್ ಮತ್ತು ರೀಲುಗಳನ್ನು ಕೂಡಿಡುವ ಈ ಹವ್ಯಾಸ ದುಬಾರಿ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ನಾನು ಕಂಡಂತೆ ಹಣ ಹಾಳಾಗುವುದು ದುಬಾರಿ ವಸ್ತುವಿನಿಂದಲ್ಲ, ಅವಸರದಿಂದ. ಆದ್ದರಿಂದ ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಕೋಲಿನ ಕೆಲಸ ತಿಳಿಯಿರಿ

ನಮ್ಮ ಕೆರೆ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಎಸೆಯುವ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಗರಿ, ರೇಷ್ಮೆ, ತುಪ್ಪಳ ಸುತ್ತಿ ಮಾಡಿದ ಹುಸಿ ನೊಣಕ್ಕೆ ತೂಕವೇ ಇರುವುದಿಲ್ಲ. ಇಲ್ಲಿ ಭಾರವಿರುವುದು ದಾರಕ್ಕೆ. ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಚಾವಟಿಯಂತೆ ಬೀಸಿ ನೀರಿನ ಮೇಲೆ ಹಾಸಬೇಕು. ಕೋಲು ಎಲ್ಲಿ ಬಾಗುತ್ತದೆ, ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದರಲ್ಲೇ ಅದರ ಗುಣವಿದೆ. ಬೆಲೆಯೂ ಅಲ್ಲಿಂದಲೇ ಹುಟ್ಟುತ್ತದೆ. ರೀಲಿನ ಕೆಲಸ ಇದಕ್ಕೆ ಹೋಲಿಸಿದರೆ ಸಣ್ಣದು: ದಾರ ಸುತ್ತಿಟ್ಟುಕೊಳ್ಳುವುದು, ಮೀನು ಓಡಿದಾಗ ಒಂದಿಷ್ಟು ತಡೆ ಒಡ್ಡುವುದು.

ಕೋಲುಗಳಲ್ಲಿ ಮೂರು ಪೀಳಿಗೆ. ಬಿದಿರು, ಎರಡನೆಯ ಮಹಾಯುದ್ಧದ ನಂತರ ಬಂದ ಫೈಬರ್‌ಗ್ಲಾಸ್, 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಕಾರ್ಬನ್ ಅಥವಾ ಗ್ರಾಫೈಟ್. ಇಂದಿನ ಉತ್ತಮ ಕಾರ್ಬನ್ ರಾಡ್ ಒಂದಕ್ಕೆ ಸಾವಿರ ಡಾಲರ್ ಮೀರುತ್ತದೆ. ಎಸೆಯಲು ಅದರಷ್ಟು ಹಗುರವಾದದ್ದು ಇನ್ನೊಂದಿಲ್ಲ. ಆದರೆ ಕಂಪನಿ ಹೊಸ ಮಾದರಿ ತಂದ ದಿನವೇ ಅದು ಹಳೆಯ ಮೊಬೈಲ್ ಆಗಿಬಿಡುತ್ತದೆ. ಮೀನು ಹಿಡಿಯಲು ಕೊಳ್ಳಿ, ಸಂಗ್ರಹಕ್ಕೆ ಬೇಡ. ಗ್ಲಾಸ್ ಕೋಲುಗಳು ಇನ್ನೂ ಕೈಗೆಟಕುವ ಬೆಲೆಯಲ್ಲಿವೆ, ಆಸಕ್ತಿಯಿದ್ದವರು ನೋಡಬಹುದು. ನನ್ನ ಮನಸ್ಸು ಬಿದಿರಿನಲ್ಲಿದೆ.

ಮೊದಲು ರೀಲು

ಹೊಸಬರಿಗೆ ನಾನು ರೀಲಿನಿಂದ ಆರಂಭಿಸಲು ಹೇಳುತ್ತೇನೆ. ಅಂಗೈಯಲ್ಲಿ ಹಿಡಿಯುವ ವಸ್ತು, ಬಿಚ್ಚಿ ನೋಡಬಹುದು, ಲೋಹದಲ್ಲಿ ದೋಷ ಮುಚ್ಚಿಡುವುದು ಕಷ್ಟ. ಓಹಾಯೋ ರಾಜ್ಯದ ಅಕ್ರಾನ್‌ನಲ್ಲಿ ತಯಾರಾಗುತ್ತಿದ್ದ ಫ್ಲೂಗರ್ ಮೆಡಲಿಸ್ಟ್ ಅಮೆರಿಕದ ತಂದೆ ತಾತಂದಿರ ರೀಲು. ನೂರು ಡಾಲರ್‌ಗಿಂತ ಕಡಿಮೆಗೆ ಇಂದಿಗೂ ಸಿಗುತ್ತದೆ. ಊರಿನ ಹೆಸರು ಒತ್ತಿರುವ ಹಳೆಯದನ್ನೇ ಆರಿಸಿ.

ಕೈ ಪಳಗಿದ ಮೇಲೆ ಇಂಗ್ಲೆಂಡಿನ ಕಡೆ ತಿರುಗಬಹುದು. ನಾರ್ತಂಬರ್ಲೆಂಡಿನ ಆನಿಕ್ ಎಂಬ ಸಣ್ಣ ಊರಿನಲ್ಲಿ 1872ರಲ್ಲಿ ಆರಂಭವಾದ ಹಾರ್ಡಿ ಸೋದರರ ಕಂಪನಿ 1890ರ ದಶಕದ ಹೊಸ್ತಿಲಲ್ಲಿ 'ಪರ್ಫೆಕ್ಟ್' ಎಂಬ ರೀಲನ್ನು ಹೊರತಂದಿತು. ಸೈಕಲ್ ಚಕ್ರದಲ್ಲಿರುವಂತೆ ಇದರೊಳಗೂ ಬಾಲ್ ಬೇರಿಂಗ್ ಇದೆ. ಪೂರ್ತಿ ಹಿತ್ತಾಳೆಯವು ತೀರಾ ಹಳೆಯವು. ಆಮೇಲೆ ಮುಖ ಮಾತ್ರ ಹಿತ್ತಾಳೆ, ಮೈ ಮಿಶ್ರಲೋಹ. ಕಡೆಗೆ ಎಲ್ಲವೂ ಮಿಶ್ರಲೋಹ. ವಯಸ್ಸು ತಿಳಿಯಲು ಒಳಗಿನ ಹಲ್ಲುಚಕ್ರ ಮತ್ತು ಅದಕ್ಕೆ ಒತ್ತಿಕೊಂಡು ಟಿಕ್‌ಟಿಕ್ ಎನ್ನುವ ತಡೆಯ ಜೋಡಣೆಯನ್ನು ನೋಡಬೇಕು. ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ. ಹಲವು ಪರ್ಫೆಕ್ಟ್‌ಗಳ ಮೇಲೆ 'ಡೂಪ್ಲಿಕೇಟೆಡ್ ಮಾರ್ಕ್ 2' ಎಂದು ಒತ್ತಿರುತ್ತದೆ. ಅದನ್ನು ಓದಿ ನಕಲಿ ಮಾಲು ಎಂದು ಕೈಬಿಟ್ಟು ಬರಬೇಡಿ. ನಾನು ಹಾಗೆ ಒಂದನ್ನು ಬಿಟ್ಟು ಬಂದಿದ್ದೇನೆ. ಅದು ಆ ತಡೆಯ ಒಂದು ಪೀಳಿಗೆಯ ಹೆಸರು. ಒಳಗೆ ಎರಡು ಪುಟ್ಟ ಅಕ್ಷರಗಳಿದ್ದರೆ ಅವು ಆ ರೀಲನ್ನು ಜೋಡಿಸಿದ ಕೆಲಸಗಾರನ ಹೆಸರಿನವು.

ಕೊಳ್ಳುವಾಗ ಹಿಡಿಕೆ ಬಾಗಿದೆಯೇ, ಅಂಚು ನೆಗ್ಗಿದೆಯೇ, ಸುರುಳಿ ತಿರುಗಿಸಿದರೆ ಎಲ್ಲಾದರೂ ತೊಡರುತ್ತದೆಯೇ ನೋಡಿ. ಸ್ಕ್ರೂಗಳ ತಲೆಯನ್ನು ಕಣ್ಣಿಟ್ಟು ನೋಡಿ. ಅಲ್ಲಿ ಗಾಯಗಳಿದ್ದರೆ ಯಾರೋ ಅಡುಗೆಮನೆಯ ಚಾಕುವಿನಿಂದ ಬಿಚ್ಚಿದ್ದಾರೆ ಎಂದರ್ಥ.

ಇನ್ನೊಂದು ಮಾತು: ಹಿತ್ತಾಳೆಯನ್ನು ತಿಕ್ಕಬೇಡಿ. ಶಿವಮೊಗ್ಗದಿಂದ ಬಂದಿದ್ದ ನನ್ನ ತಾಯಿ ದೀಪಾವಳಿಯ ಹಿಂದಿನ ದಿನ ದೇವರ ಸಾಮಾನಿನ ಜೊತೆಗೆ ನನ್ನ ಹಿತ್ತಾಳೆ ರೀಲನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು. ನೂರು ವರ್ಷ ಕೂತಿದ್ದ ಕಂದು ಛಾಯೆ ಅರ್ಧ ಗಂಟೆಯಲ್ಲಿ ಬಚ್ಚಲಿಗೆ ಹೋಗಿತ್ತು. ನಾನು ಏನೂ ಹೇಳಲಿಲ್ಲ. ಆ ರೀಲು ಈಗ ದೇವರ ಮನೆಯ ಪಕ್ಕದ ಕಪಾಟಿನಲ್ಲೇ ಇದೆ.

ಬಿದಿರು ಎಂದರೆ ಯಾವ ಬಿದಿರು

ಮೇದಾರರು ಬುಟ್ಟಿಗೆ ಬಿದಿರು ಸೀಳುವುದನ್ನು ನೋಡಿದವರಿಗೆ ಗೊತ್ತು, ಗಟ್ಟಿ ನಾರೆಲ್ಲ ಹೊರಸಿಪ್ಪೆಯ ಕೆಳಗೆ ಒತ್ತಾಗಿರುತ್ತದೆ, ಒಳಗಿನದು ಪೊಳ್ಳು ತಿರುಳು. ಗಾಳಕೋಲಿನ ಗುಟ್ಟೂ ಅದೇ. ಬಿದಿರನ್ನು ಸೀಳಿ, ಗಿಣ್ಣುಗಳನ್ನು ಬಿಸಿ ಮಾಡಿ ನೇರಗೊಳಿಸಿ, ಒಂದೊಂದು ಸೀಳನ್ನೂ 60 ಡಿಗ್ರಿ ಮೂಲೆಗಳ ತ್ರಿಕೋನವಾಗುವಂತೆ ಕೀಸುಳಿಯಿಂದ ಕೀಸುತ್ತಾರೆ. ಹೊರಸಿಪ್ಪೆಯ ಬದಿಯನ್ನು ಮಾತ್ರ ಮುಟ್ಟುವುದಿಲ್ಲ. ಅಂಥ ಆರು ಸೀಳುಗಳನ್ನು ಕೂಡಿಸಿ ಅಂಟಿಸಿದರೆ ಷಟ್ಕೋನದ ಗಟ್ಟಿ ಕೋಲು. ಬುಡದಿಂದ ತುದಿಗೆ ಅದು ಸಣ್ಣಗಾಗುವ ಬಗೆಯನ್ನು ಇಂಚಿನ ಸಾವಿರದ ಭಾಗದಲ್ಲಿ ಅಳೆಯುತ್ತಾರೆ.

ಈ ಕೆಲಸಕ್ಕೆ ಒದಗುವ ಬಿದಿರಿಗೆ ಟಾಂಕಿನ್ ಎಂದು ಹೆಸರು. ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ, ಈ ಬಿದಿರು ಬೆಳೆಯುವುದು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಹೆಸರು ಹೇಗೋ ಅಂಟಿಕೊಂಡಿತು. ಅದಕ್ಕೂ ಮುಂಚೆ, 19ನೆಯ ಶತಮಾನದಲ್ಲಿ, ಅಮೆರಿಕದ ಕುಶಲಕರ್ಮಿಗಳು ಸೀಳುತ್ತಿದ್ದದ್ದು ಕಲ್ಕತ್ತೆಯ ಬಂದರಿನಿಂದ ಹಡಗು ಹತ್ತಿದ ಬಿದಿರನ್ನು. ಮೈಮೇಲೆ ಅಲ್ಲಲ್ಲಿ ಸುಟ್ಟ ಕಲೆಯಿರುವ ಹಳೆಯ ಕೋಲು ಕಂಡರೆ ನಮ್ಮ ಕಡೆಯ ಬಿದಿರು ಎಂದು ಊಹಿಸಬಹುದು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರವನ್ನು ನಿಷೇಧಿಸಿದಾಗ ಟಾಂಕಿನ್ ಬರುವುದು ನಿಂತಿತು. ಗ್ಲಾಸ್ ಕೋಲುಗಳು ಅಗ್ಗದಲ್ಲಿ ಬರತೊಡಗಿದ್ದವು. ಎರಡೂ ಸೇರಿ ಬಿದಿರಿನ ಕಾರ್ಖಾನೆಗಳನ್ನು ಮುಚ್ಚಿಸಿದವು. ಉಳಿದ ಹಳೆಯ ಕೋಲುಗಳಿಗೆ ಇಂದು ಇಷ್ಟು ಬೆಲೆ ಬಂದಿರುವುದರ ಹಿಂದೆ ಆ ರಾಜಕೀಯವೂ ಇದೆ.

ಕೈಗೆ ಬಂದ ಕೋಲನ್ನು ಪರೀಕ್ಷಿಸುವುದು

ಮೊದಲು ಟೇಪು. ತುಂಡುಗಳನ್ನು ಜೋಡಿಸುವ ಲೋಹದ ಕೀಲು ಸೇರಿಸಿ ಉದ್ದ ಅಳೆಯಿರಿ, ಬರೆದಿರುವ ಉದ್ದಕ್ಕೆ ಹೋಲಿಸಿ. ಎರಡು ತುದಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಅರ್ಧ ಇಂಚಿನ ವ್ಯತ್ಯಾಸಕ್ಕೂ ಮಾರುವವರ ಬಳಿ ಕಾರಣ ಕೇಳಿ.

ಆಮೇಲೆ ಬಡಗಿ ರೀಪರ್ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ನೋಟ ಹಾಯಿಸಿ, ಕೋಲನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ. ವರ್ಷಾನುಗಟ್ಟಲೆ ಮೂಲೆಗೆ ಒರಗಿಸಿಟ್ಟ ಕೋಲು ಒಂದು ಕಡೆಗೆ ಬಾಗಿ ನಿಂತಿರುತ್ತದೆ. ಸಣ್ಣ ಬಾಗನ್ನು ಬಲ್ಲವರು ಬಿಸಿ ತೋರಿಸಿ ತಿದ್ದುತ್ತಾರೆ. ದೊಡ್ಡದಾದರೆ ಬಿಡಿ.

ಮೂರನೆಯದಕ್ಕೆ ಕಿವಿ ಬೇಕು. ತುಂಡನ್ನು ಕಿವಿಯ ಹತ್ತಿರ ಹಿಡಿದು ತುಸುವೇ ಬಾಗಿಸಿ. ಚಿಟಕ್ ಎಂದರೆ ಒಳಗೆ ಅಂಟು ಬಿಟ್ಟಿದೆ, ಸೀಳುಗಳು ಬೇರೆಯಾಗುತ್ತಿವೆ. ಷಟ್ಕೋನದ ಮೂಲೆಗಳ ಉದ್ದಕ್ಕೂ ಉಗುರು ಓಡಿಸಿದರೆ ಬಿರುಕು ತೊಡರುತ್ತದೆ.

ನಾಲ್ಕನೆಯದು ಕೀಲು. ಒಳ್ಳೆಯ ಕೋಲಿನ ಕೀಲುಗಳು ನಿಕಲ್ ಸಿಲ್ವರ್ ಲೋಹದವು. ಗಂಡು ಕೀಲು ಹೆಣ್ಣು ಕೀಲಿನೊಳಗೆ ಗಾಳಿಯನ್ನು ಒತ್ತಿಕೊಂಡು ಇಳಿಯಬೇಕು, ಹೊರಗೆ ಎಳೆದಾಗ ಬಾಟಲಿಯ ಬಿರಡೆ ಕಿತ್ತಂತೆ 'ಪಟ್' ಎನ್ನಬೇಕು. ಕೂಡಿಸಿ ಅಲುಗಾಡಿಸಿದಾಗ ಲೊಟಲೊಟ ಎಂದರೆ ಸವೆದಿದೆ. ಕೀಲು ಬಿಗಿದುಕೊಂಡರೆ ಯಾವ ಕಾರಣಕ್ಕೂ ತಿರುಚಬೇಡಿ, ಬಿದಿರು ಸಿಬಿರೆದ್ದು ಹೋಗುತ್ತದೆ. ಕೋಲನ್ನು ಮಂಡಿಗಳ ಹಿಂದೆ ಅಡ್ಡಲಾಗಿ ಇಟ್ಟು, ಬಗ್ಗಿ, ಕೀಲಿನ ಎರಡೂ ಕಡೆ ಕೈಯಿಂದ ಹಿಡಿದು, ಮಂಡಿಗಳನ್ನು ಹೊರಕ್ಕೆ ಅಗಲಿಸಿ. ನೋಡುವವರಿಗೆ ನಗು ಬರುತ್ತದೆ, ಆದರೆ ಕೀಲು ನೇರವಾಗಿ ಕಳಚುತ್ತದೆ.

ಕೊನೆಗೆ ವಾರ್ನಿಷ್ ಮತ್ತು ಉಂಗುರಗಳಿಗೆ ಸುತ್ತಿದ ರೇಷ್ಮೆ. ಮೂಲದ್ದೇ ಉಳಿದಿದ್ದರೆ, ಅಲ್ಲಲ್ಲಿ ಚಕ್ಕೆ ಎದ್ದಿದ್ದರೂ, ಹೊಸದಾಗಿ ಬಳಿದದ್ದಕ್ಕಿಂತ ಹೆಚ್ಚು ಬೆಲೆ. ಬಹಳ ಸುಂದರವಾಗಿ ಹೊಳೆಯುವ ಎಂಬತ್ತು ವರ್ಷದ ಕೋಲನ್ನು ಕಂಡರೆ ನನಗೆ ಅನುಮಾನ.

ಹೆಸರು, ಬೆಲೆ, ಮೂರು ಮೆಟ್ಟಿಲು

ಕೆಳಗಿನ ಮೆಟ್ಟಿಲಿನಲ್ಲಿ ಕಾರ್ಖಾನೆಯ ಕೋಲುಗಳು: ಮಿಶಿಗನ್ನಿನ ಹೆಡನ್, ಇಂಡಿಯಾನಾದ ಸೌತ್ ಬೆಂಡ್, ಡೆನ್ವರಿನ ಗ್ರೇಂಜರ್. ಸ್ಥಿತಿಗೆ ತಕ್ಕಂತೆ ನೂರರಿಂದ ಕೆಲವು ನೂರು ಡಾಲರ್. ಗ್ರೇಂಜರ್ ನನ್ನ ಮೆಚ್ಚಿನದು, ಹೆಸರಿನ ಹೆಗ್ಗಳಿಕೆ ಕಡಿಮೆ, ಎಸೆತ ಮಾತ್ರ ಬೆಣ್ಣೆ.

ನಡುವೆ ವರ್ಮಾಂಟಿನ ಆರ್ವಿಸ್ ಇದೆ. 1856ರಲ್ಲಿ ಚಾರ್ಲ್ಸ್ ಆರ್ವಿಸ್ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ ಆರಂಭಿಸಿದ ಕಂಪನಿ. 1874ರಲ್ಲಿ ಅವರು ಪೇಟೆಂಟ್ ಪಡೆದ, ದಾರ ಒಣಗಲೆಂದು ಮೈತುಂಬ ರಂಧ್ರ ಕೊರೆದ ರೀಲು ಇಂದಿನ ಫ್ಲೈ ರೀಲುಗಳ ಮುತ್ತಜ್ಜ. ಅದೇ ಕಂಪನಿಯಲ್ಲಿ ವೆಸ್ ಜೋರ್ಡನ್ 1940ರ ದಶಕದಲ್ಲಿ ಬಿದಿರಿಗೆ ರಾಳವನ್ನು ಊಡಿಸುವ ವಿಧಾನ ಕಂಡುಹಿಡಿದರು. ಈ ಕೋಲುಗಳಿಗೆ ವಾರ್ನಿಷ್ ಬೇಕಿಲ್ಲ, ತೇವಕ್ಕೆ ಜಗ್ಗುವುದಿಲ್ಲ. ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಬಿದಿರಿನ ಕೋಲು ಇಟ್ಟುಕೊಳ್ಳುವ ಆಸೆಯಿದ್ದವರಿಗೆ ನಾನು ಹೇಳುವುದು ಇದನ್ನೇ.

ಮೇಲಿನ ಮೆಟ್ಟಿಲಿನಲ್ಲಿ ಹೈರಮ್ ಲೆನರ್ಡ್, ಜಿಮ್ ಪೇನ್, ಎವರೆಟ್ ಗ್ಯಾರಿಸನ್. ಗ್ಯಾರಿಸನ್ ವೃತ್ತಿಯಲ್ಲಿ ಎಂಜಿನಿಯರ್. ಕೋಲು ಎಲ್ಲೆಲ್ಲಿ ಎಷ್ಟು ಒತ್ತಡ ತಾಳಬೇಕು ಎಂದು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಬಿದಿರು ಕೀಸುತ್ತಿದ್ದವರು. ಇವರೆಲ್ಲರ ಕೋಲುಗಳ ಬೆಲೆ ಸಾವಿರಗಳಲ್ಲಿ. ರೀಲಿನಲ್ಲಿ ಈ ಮಟ್ಟಕ್ಕೆ ನ್ಯೂ ಹ್ಯಾಂಪ್‌ಶೈರಿನ ಸ್ಟ್ಯಾನ್ ಬೊಗ್ಡಾನ್ ಅವರ ಹೆಸರು ಹೇಳಬೇಕು. ಅವರ ಸಾಲ್ಮನ್ ರೀಲಿಗೆ ಜನ ವರ್ಷಗಟ್ಟಲೆ ಸರದಿ ಕಾಯುತ್ತಿದ್ದರು. ಇಲ್ಲಿಗೆ ಬರುವ ಮುನ್ನ ಕೆಳಗಿನ ಮೆಟ್ಟಿಲಿನಲ್ಲಿ ಹತ್ತು ಕೋಲಾದರೂ ಕೈಯಾಡಿಸಿರಬೇಕು. ಎರಡು ವಸ್ತುಸಂಗ್ರಹಾಲಯಗಳಿಗೂ ಹೋಗಿ ಬನ್ನಿ: ಮ್ಯಾಂಚೆಸ್ಟರಿನ ಅಮೆರಿಕನ್ ಮ್ಯೂಸಿಯಂ ಆಫ್ ಫ್ಲೈ ಫಿಶಿಂಗ್ ಮತ್ತು ಕ್ಯಾಟ್‌ಸ್ಕಿಲ್‌ನ ಲಿವಿಂಗ್‌ಸ್ಟನ್ ಮ್ಯಾನರ್‌ನಲ್ಲಿರುವುದು. ಅಸಲಿ ಹೇಗಿರುತ್ತದೆ ಎಂದು ಕಣ್ಣಿಗೆ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

ಎಲ್ಲಿ ಕೊಳ್ಳುವುದು

ಅಂಗಳದ ಮಾರಾಟದಲ್ಲಿ ಅದೃಷ್ಟ, ಹರಾಜಿನಲ್ಲಿ ಆವೇಶ, ಪಳಗಿದ ವ್ಯಾಪಾರಿಯ ಬಳಿ ನೆಮ್ಮದಿ. ಮೂರನೆಯದಕ್ಕೆ ಹತ್ತಿಪ್ಪತ್ತು ಪ್ರತಿಶತ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಮನೆಗೆ ತರಿಸಿ ನೋಡಿ ಒಪ್ಪಿಗೆಯಾಗದಿದ್ದರೆ ವಾಪಸು ಕಳಿಸಲು ಕೆಲವು ದಿನ ಕೊಡುತ್ತಾರೆ. ಆ ಷರತ್ತನ್ನು ಹಣ ಕಳಿಸುವ ಮೊದಲೇ ಬರಹದಲ್ಲಿ ಪಡೆಯಿರಿ. ಹರಾಜಿಗೆ ಹೋಗುವುದಾದರೆ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಬೇರೆ ಇರುತ್ತದೆಂದು ನೆನಪಿಡಿ.

ಊರಿನಲ್ಲಿ ಹುಡುಕಬಾರದೇ ಎಂದು ಕೇಳುವವರಿದ್ದಾರೆ. ಹುಡುಕಬಹುದು. ಕೊಡಗು, ಚಿಕ್ಕಮಗಳೂರಿನ ಹಳೆಯ ತೋಟದ ಬಂಗಲೆಗಳ ಅಟ್ಟದಲ್ಲಿ ಇಂಗ್ಲಿಷರು ಬಿಟ್ಟುಹೋದ ಸಾಮಾನಿರುವ ಸಾಧ್ಯತೆ ಇದ್ದೇ ಇದೆ. ಆದರೆ ನಮ್ಮ ನದಿಗಳಲ್ಲಿ ಅವರು ಬೆನ್ನುಹತ್ತಿದ್ದು ಮಹಶೀರ್ ಮೀನನ್ನು. ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಅಂಥ ಮೀನಿಗೆ ಬಳಸುತ್ತಿದ್ದ ಕೋಲು, ರೀಲುಗಳು ಬೇರೆಯೇ ಜಾತಿ. ಸಿಕ್ಕರೆ ಸಂತೋಷವೇ, ಫ್ಲೈ ಸಂಗ್ರಹಕ್ಕೆ ಮಾತ್ರ ಸೇರುವುದಿಲ್ಲ.

ಇಡುವುದು, ಸಾಗಿಸುವುದು

ಕೋಲನ್ನು ಒದ್ದೆಯಾಗಿ ಕೊಳವೆಗೆ ಹಾಕಬೇಡಿ. ಒರೆಸಿ, ಒಂದು ದಿನ ಹೊರಗಿಟ್ಟು, ಬಟ್ಟೆಯ ಚೀಲದಲ್ಲಿ ಹಾಕಿ ಬೀರುವಿನೊಳಗೆ ನೇತುಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಕೀಲಿಗೆ ಎಣ್ಣೆ ಬೇಡ, ಸ್ಪಿರಿಟ್ ತೇವ ಮಾಡಿದ ಬಟ್ಟೆ ಸಾಕು. ರೀಲಿನ ಅಚ್ಚಿಗೆ ಒಂದು ಹನಿ ಎಣ್ಣೆ. ಹಳೆಯ ಕೋಲಿನಲ್ಲಿ ಮೀನು ಹಿಡಿಯುವುದಾದರೆ ದಾರದ ಭಾರ ನೋಡಿಕೊಳ್ಳಿ. ರೇಷ್ಮೆ ದಾರದ ಕಾಲದಲ್ಲಿ ದಪ್ಪವನ್ನು ಅಕ್ಷರಗಳಲ್ಲಿ ಹೇಳುತ್ತಿದ್ದರು. ಎಚ್.ಡಿ.ಎಚ್. ಎಂದಿದ್ದರೆ ಇಂದಿನ ಆರನೆಯ ಸಂಖ್ಯೆಯ ದಾರ ಸರಿಸುಮಾರು ಹೊಂದುತ್ತದೆ.

ಊರಿಗೆ ಒಯ್ಯುವವರು ಒಂದನ್ನು ಪರೀಕ್ಷಿಸಿ. ತೀರಾ ಹಳೆಯ ಕೆಲವು ರೀಲುಗಳ ಹಿಡಿಕೆ ಆನೆಯ ದಂತದ್ದು. ದಂತದಲ್ಲಿ ಕೂದಲೆಳೆಯಂಥ ಗೆರೆಗಳು ಒಂದನ್ನೊಂದು ಅಡ್ಡಹಾಯ್ದು ಹೋಗುತ್ತವೆ, ಕೃತಕ ವಸ್ತುವಿನಲ್ಲಿ ಹಾಗಿರುವುದಿಲ್ಲ. ಭಾರತದಲ್ಲಿ ದಂತದ ವ್ಯಾಪಾರ ಅಪರಾಧ, ಗಡಿ ದಾಟಿಸುವುದು ಅದಕ್ಕಿಂತ ದೊಡ್ಡ ತಲೆನೋವು. ಹಿಡಿಕೆಯ ಬಗ್ಗೆ ಅನುಮಾನವಿದ್ದರೆ ಆ ರೀಲನ್ನು ಇದ್ದಲ್ಲೇ ಬಿಡಿ. ಕೋಲುಗಳನ್ನು ದಪ್ಪ ಪಿ.ವಿ.ಸಿ. ಕೊಳವೆಯೊಳಗೆ, ಎರಡೂ ಕಡೆ ಅಲುಗದಂತೆ ಬಟ್ಟೆ ತುರುಕಿ, ಖರೀದಿಯ ರಸೀದಿಯನ್ನು ಜೊತೆಗಿಟ್ಟು ಒಯ್ಯಿರಿ. ಕಸ್ಟಮ್ಸ್ ಅಧಿಕಾರಿ ಕೊಳವೆ ಬಿಚ್ಚಿ 'ಬಿದಿರು ಕೋಲಿಗೆ ಇಷ್ಟು ಹಣವೇ' ಎಂದು ಕೇಳಿದಾಗ ತೋರಿಸಲು ಬೇಕಾಗುತ್ತದೆ.