ಪಡಸಾಲೆಗೆ ಶಹಾಬಾದ್ ಫರಸಿ, ಕೂಡ್ರಲು ನವಲಗುಂದದ ಜಮಖಾನ

ಹುಬ್ಬಳ್ಳಿಯ ನಮ್ಮ ಮನೆ ನಿಂತಿರುವುದು ಎರೆ ಮಣ್ಣಿನ ಮೇಲೆ. ಮಳೆ ಬಿದ್ದರೆ ಉಬ್ಬುವ, ಬೇಸಿಗೆ ಬಂದರೆ ಬಾಯ್ಬಿಡುವ ಮಣ್ಣು ಇದು. ಪಡಸಾಲೆಯ ಹಳೆಯ ಮೊಸಾಯಿಕ್ ಬಿಲ್ಲೆಗಳು ಒಂದೊಂದಾಗಿ ಎದ್ದು ಅಲುಗಾಡತೊಡಗಿದಾಗ ನೆಲವನ್ನೇ ಹೊಸದಾಗಿ ಮಾಡಿಸಲು ನಿರ್ಧರಿಸಿದೆವು. ಏನು ಹಾಕಿಸಬೇಕು ಎಂಬ ಮಾತು ಬಂದಾಗ ಮನೆಯಲ್ಲಿ ಮೂರು ಮತ. ನಮ್ಮ ಯಜಮಾನರಿಗೆ ಗೋಡೆಯಿಂದ ಗೋಡೆಗೆ ಮೆತ್ತನೆಯ ಕಾರ್ಪೆಟ್ ಬೇಕು. ಮಗಳಿಗೆ ಮರದ ಹಲಗೆಯಂತೆ ಕಾಣುವ ನೆಲ ಬೇಕು. ಮಂಡಿನೋವಿನ ಅತ್ತೆಯವರು ಕೇಳಿದ್ದು ಇಷ್ಟೇ: ‘ಕಾಲು ಜಾರಬಾರದು, ಕುಳಿತರೆ ತಣ್ಣಗೆ ಕೊರೆಯಬಾರದು.’

ಕೆಲಸದ ಹೊಣೆ ನನ್ನದಾಗಿತ್ತು. ಅತ್ತೆಯವರ ಮಾತನ್ನೇ ಮೊದಲು ಹಿಡಿದೆ. ಸೋಫಾ ಎಷ್ಟೇ ದೊಡ್ಡದಿರಲಿ, ನಮ್ಮ ಕಡೆಯ ಮನೆಗಳಲ್ಲಿ ಪಡಸಾಲೆ ಎಂದರೆ ನೆಲದ ಮೇಲೆ ಕೂಡ್ರುವ ಜಾಗ. ಉಡಿ ತುಂಬುವುದು, ತೊಟ್ಟಿಲು ಕಟ್ಟುವುದು, ಹಬ್ಬದ ಪಂಕ್ತಿ, ಮಧ್ಯಾಹ್ನ ಕಾಳು ಹಸನು ಮಾಡುವುದು, ಎಲ್ಲ ಅಲ್ಲಿಯೇ. ಬರಿಗಾಲು, ನೀರು, ಎಣ್ಣೆ, ಅರಿಸಿನ ಇವಕ್ಕೆ ಹೊಂದದ ನೆಲ ನೋಡಲು ಎಷ್ಟು ಚೆನ್ನಾಗಿದ್ದರೂ ನಮಗೆ ಉಪಯೋಗವಿಲ್ಲ.

ಕಾರ್ಪೆಟ್ಟನ್ನು ಸುಮ್ಮನೆ ತಳ್ಳಿಹಾಕಲಿಲ್ಲ. ಕಿಟಕಿ ಮುಚ್ಚಿಕೊಂಡೇ ಇರುವ ಚಳಿಯ ನಾಡಿನಲ್ಲಿ ಅದು ಬೆಚ್ಚಗಿರುತ್ತದೆ, ಸದ್ದನ್ನೂ ಹೀರುತ್ತದೆ. ಆದರೆ ಹುಬ್ಬಳ್ಳಿಯಲ್ಲಿ ಗಾಳಿಗೆಂದು ಕಿಟಕಿ ತೆರೆದರೆ ಅದರೊಂದಿಗೆ ಧೂಳೂ ಒಳಗೆ ಬರುತ್ತದೆ. ಆ ಧೂಳು ಕಾರ್ಪೆಟ್ಟಿನ ಎಳೆಗಳ ಬುಡಕ್ಕೆ ಇಳಿದರೆ ವ್ಯಾಕ್ಯೂಮ್ ಕ್ಲೀನರ್ ಮೇಲಿನದನ್ನಷ್ಟೇ ಎಳೆದುಕೊಳ್ಳುತ್ತದೆ. ಮಳೆಗಾಲದ ತೇವ ಸೇರಿದರೆ ಕಣ್ಣಿಗೆ ಕಾಣದ ಧೂಳಿನ ಹುಳುಗಳಿಗೆ ಅದೇ ನೆಲೆಯಾಗುತ್ತದೆ. ಬೆಳಗಾದರೆ ಸೀನುವವರು ನಮ್ಮ ಯಜಮಾನರೇ. ಬಾಯಿಮಾತಿಗಿಂತ ಕಣ್ಣಾರೆ ಕಂಡದ್ದು ಮೇಲು ಎಂದು, 2 ಅಡಿ ಉದ್ದಗಲದ ದಪ್ಪ ಪಾಲಿಥಿನ್ ಹಾಳೆಯನ್ನು ಹಳೆಯ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ರಾತ್ರಿಯೆಲ್ಲ ಬಿಟ್ಟೆ. ಮರುದಿನ ಹಾಳೆಯ ಕೆಳಗೆ ಸಣ್ಣ ಸಣ್ಣ ಹನಿಗಳು ಕೂತಿದ್ದವು, ಬಿಲ್ಲೆಗಳ ಬಣ್ಣವೂ ಗಾಢವಾಗಿತ್ತು. ನೆಲದಿಂದ ತೇವ ಏರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇಂಥ ನೆಲಕ್ಕೆ ಅಂಟಿಸಿದ ಕಾರ್ಪೆಟ್ ಅಡಿಯಿಂದಲೇ ಬೂಷ್ಟು ಹಿಡಿಯುತ್ತದೆ.

ಮಗಳು ಮೆಚ್ಚಿದ್ದ ಲ್ಯಾಮಿನೇಟ್ ಹಲಗೆಗೂ ಇದೇ ತೊಡಕು. ಅದರ ಒಡಲು ಮರದ ನಾರನ್ನು ಒತ್ತಿ ಮಾಡಿದ್ದು. ನೀರು ತಾಗಿದರೆ ಜೋಡಣೆಯ ಅಂಚುಗಳು ಉಬ್ಬುತ್ತವೆ, ಒಮ್ಮೆ ಉಬ್ಬಿದ ಅಂಚು ಮತ್ತೆ ಕೂಡ್ರುವುದಿಲ್ಲ. ದಿನವೂ ಒದ್ದೆ ಬಟ್ಟೆಯಿಂದ ನೆಲ ಒರೆಸುವ ಮನೆಗೆ ಅದು ತಕ್ಕದ್ದಲ್ಲ.

ಉಳಿದದ್ದು ವಿಟ್ರಿಫೈಡ್ ಟೈಲ್ಸ್ ಮತ್ತು ಕಲ್ಲು. ಎರಡರ ಮಾದರಿಗಳನ್ನೂ ಮನೆಗೆ ತರಿಸಿ ಬಾಗಿಲ ಬಳಿ ಹಾಸಿದೆ. ನೀರು ಚಿಮುಕಿಸಿ, ಅತ್ತೆಯವರ ಕೈಹಿಡಿದುಕೊಂಡು ನಡೆಸಿದೆ. ಕನ್ನಡಿಯಂತೆ ಹೊಳೆಯುವ ಟೈಲ್ಸಿನ ಮೇಲೆ ಅವರ ಹೆಜ್ಜೆ ಅಳುಕಿತು, ಮ್ಯಾಟ್ ಟೈಲ್ಸಿನ ಮೇಲೆ ಮತ್ತು ಹದವಾಗಿ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ನಿಶ್ಚಿಂತೆಯಿಂದ ನಡೆದರು. ಆಮೇಲೆ ಅರಿಸಿನ ಕಲಸಿದ ಎಣ್ಣೆ ಹನಿಸಿದೆ, ಅರ್ಧ ಲಿಂಬೆಹಣ್ಣನ್ನು ಬೋರಲು ಹಾಕಿ ಬಿಟ್ಟೆ. ಶೇ 0.5ರಷ್ಟೂ ನೀರು ಹೀರದ ವಿಟ್ರಿಫೈಡ್ ಟೈಲ್ಸಿಗೆ ಏನೂ ಆಗಲಿಲ್ಲ. ಶಹಾಬಾದ್ ಸುಣ್ಣದ ಕಲ್ಲು, ಹುಳಿಗೆ ಕರಗುತ್ತದೆ. ಲಿಂಬೆ ಇಟ್ಟಲ್ಲಿ ಹೊಳಪು ಹೋಗಿ ಬಿಳಚಿದ ಉಂಗುರ ಮೂಡಿತ್ತು.

ಇಷ್ಟಾದರೂ ನಾನು ಆರಿಸಿದ್ದು ಶಹಾಬಾದ್ ಫರಸಿಯನ್ನೇ. ಆ ಉಂಗುರವನ್ನು ತಿಕ್ಕಿ ತೆಗೆಯಬಹುದು. ಕಲ್ಲು ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿರುವುದರಿಂದ ಮಾಸಿದಾಗ ಯಂತ್ರ ತಿರುಗಿಸಿ ಮತ್ತೆ ಪಾಲಿಶ್ ಮಾಡಿಸಬಹುದು. ಟೈಲ್ಸಿನಲ್ಲಿ ಒಂದು ಒಡೆದರೆ ನಾಲ್ಕು ವರ್ಷದ ಮೇಲೆ ಅದೇ ನಮೂನೆ ಸಿಗುವ ಭರವಸೆಯಿಲ್ಲ. ಕಲಬುರಗಿ ಜಿಲ್ಲೆಯ ಈ ಕಲ್ಲನ್ನು ಕೂಡಿಸುವುದು ನಮ್ಮ ಭಾಗದ ಗೌಂಡಿಗಳಿಗೆ ಕೈಗೆ ಬಂದ ವಿದ್ಯೆ. ಏಪ್ರಿಲ್ ಬಿಸಿಲಿನಲ್ಲಿ ಅದರ ಮೇಲೆ ಮೈಚೆಲ್ಲುವ ಸುಖವನ್ನಂತೂ ಬೇರೆ ಯಾವುದೂ ಕೊಡಲಾರದು. ಆದರೆ ಒಗ್ಗರಣೆ, ಉಪ್ಪಿನಕಾಯಿಗಳ ಅಡುಗೆಮನೆಗೆ ನಾನು ಈ ಕಲ್ಲನ್ನು ಹೇಳುವುದಿಲ್ಲ. ಅಲ್ಲಿಗೆ ಮ್ಯಾಟ್ ಟೈಲ್ಸೇ ಸರಿ.

ಕಲ್ಲು ಆರಿಸುವಾಗ ನಮ್ಮ ಗೌಂಡಿ ತೋರಿಸಿಕೊಟ್ಟ ಒಂದು ಉಪಾಯವನ್ನು ಎಲ್ಲರಿಗೂ ಹೇಳುತ್ತೇನೆ. ಫರಸಿಯ ಮೇಲೆ ನೀರು ಸುರಿದು ಬಿಸಿಲಿಗೆ ನಿಲ್ಲಿಸಿದ. ‘ಅಕ್ಕಾ, ಈಗ ಆರುವುದನ್ನು ನೋಡುತ್ತ ನಿಲ್ಲಿರಿ’ ಎಂದ. ಮೈಯೆಲ್ಲ ಆರಿದ ಮೇಲೂ ಒಂದು ಕಡೆ ಕೂದಲೆಳೆಯಂಥ ಕಪ್ಪು ಗೆರೆ ಉಳಿಯಿತು. ಅದು ಬಿರುಕು. ಒಳಗೆ ಸೇರಿದ ನೀರು ಕೊನೆಗೆ ಆರುವುದರಿಂದ ಹಾಗೆ ಕಾಣುತ್ತದೆ. ಆ ಕಲ್ಲನ್ನು ಬದಿಗಿಟ್ಟ. ಉಳಿದವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ, ಖಣಖಣ ಎಂದವನ್ನಷ್ಟೇ ಒಳಗೆ ತಂದ.

ಹಣವನ್ನೂ ಗಮನವನ್ನೂ ಹೆಚ್ಚು ಇಡಬೇಕಾದದ್ದು ಕಲ್ಲಿನ ಅಡಿಯಲ್ಲಿ. ಎರೆ ಮಣ್ಣಿನ ಮೇಲೆ ನೇರವಾಗಿ ಏನನ್ನು ಹಾಸಿದರೂ ಅದು ಮತ್ತೆ ಏಳುತ್ತದೆ. ಹಳೆಯ ಭರ್ತಿಯನ್ನು ಅಗೆಸಿ ತೆಗೆಸಿದೆವು. ಗರಸನ್ನು (ಮೊರಂ ಮಣ್ಣನ್ನು) 6 ಇಂಚಿನ ಪದರಗಳಲ್ಲಿ ತುಂಬಿ, ನೀರು ಹಾಕಿ, ಪ್ರತಿ ಪದರಕ್ಕೂ ದಿಮ್ಮಸು ಹೊಡೆಸಿದೆವು. ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಆಮೇಲೆ 4 ಇಂಚು ಖಡಿ ಕಾಂಕ್ರೀಟ್. ಹಾಳೆ ಕೆಳಗಿನ ತೇವವನ್ನು ತಡೆಯುತ್ತದೆ. ಕೆಂಪು ಆಕ್ಸೈಡ್ ನೆಲದ ಮೇಲೆ ನನಗೆ ಪ್ರೀತಿಯಿದ್ದರೂ ಅದನ್ನು ಬಿಟ್ಟೆ. ಸಂದಿಲ್ಲದ ಇಡೀ ನೆಲ ಇಂಥ ಮಣ್ಣಿನ ಮೇಲೆ ಎಲ್ಲಿ ಬೇಕಾದಲ್ಲಿ ಬಿರಿಯಬಹುದು. 2 ಅಡಿಯ ಫರಸಿಗಳಿಗೆ ನಡುವೆ ಸಂದು ಇರುವುದರಿಂದ ಅಲುಗಿದರೂ ರಿಪೇರಿ ಸುಲಭ. ಪಾಲಿಶ್ ಆಗಿ ಪೂರ್ತಿ ಒಣಗಿದ ಮೇಲೆ ಕಲ್ಲಿಗೆ ಸೀಲರ್ ಹಚ್ಚಿಸಿದೆ, ಇಲ್ಲದಿದ್ದರೆ ದೀಪದ ಎಣ್ಣೆ ಒಳಕ್ಕೆ ಇಳಿದು ಕಲೆ ಉಳಿಯುತ್ತದೆ.

ಇನ್ನು ಅತ್ತೆಯವರ ಎರಡನೆಯ ಮಾತು. ಡಿಸೆಂಬರಿನಲ್ಲಿ ಕಲ್ಲು ಕೊರೆಯುವುದು ನಿಜ. ಅದಕ್ಕೆ ನವಲಗುಂದಕ್ಕೆ ಹೋಗಿ ಜಮಖಾನ ತಂದೆ. ಧಾರವಾಡ ಜಿಲ್ಲೆಯವರು ಯಂತ್ರದಲ್ಲಿ ನೇಯ್ದ ಪ್ಲಾಸ್ಟಿಕ್ ನೂಲಿನ ರಗ್ಗಿಗೆ ಹಣ ಸುರಿಯುವ ಮೊದಲು ಇದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನೇಯ್ಗೆ ಇದು, ನೇಯುವವರು ಹೆಣ್ಣುಮಕ್ಕಳು. ಹತ್ತಿಯ ಹೊಕ್ಕನ್ನು ಪಂಜ ಎಂಬ ಹಣಿಗೆಯಂಥ ಸಾಧನದಿಂದ ಬಡಿದು ಬಡಿದು ಕೂಡಿಸುವುದರಿಂದ ಜಮಖಾನ ಗಟ್ಟಿಯಾಗಿ, ಚಪ್ಪಟೆಯಾಗಿ ಬರುತ್ತದೆ. ಮೇಲೆ ರೋಮದಂಥ ಎಳೆಗಳಿಲ್ಲ. ಮಕ್ಕಳು ಗಿರಮಿಟ್ಟು ಚೆಲ್ಲಿದರೆ ಅಂಗಳಕ್ಕೆ ಒಯ್ದು ಕೊಡವಿದರೆ ಮುಗಿಯಿತು. ಒಂದು ಮಗ್ಗುಲು ಮಾಸಿದರೆ ತಿರುವಿ ಹಾಸುತ್ತೇನೆ. ನಾನು ತಂದದ್ದು ಪಗಡೆ ಹಾಸಿನ ನಮೂನೆಯದು. ಕೊಳ್ಳುವ ಮೊದಲು ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಕೆಂಪು ಭಾಗವನ್ನು ಉಜ್ಜಿ ಬಣ್ಣ ಬಿಡುವುದೋ ಎಂದು ನೋಡಿದೆ. ಅಂಚಿನ ನೇಯ್ಗೆಯನ್ನು ಉಗುರಿನಿಂದ ಸರಿಸಲು ಯತ್ನಿಸಿದೆ. ಸರಿದರೆ ಅದು ಸಡಿಲ ನೇಯ್ಗೆ.

ಮುಂಬಾಗಿಲಿನಿಂದ ಅಡುಗೆಮನೆಗೆ ಓಡಾಡುವ ದಾರಿಯನ್ನು ಬರಿ ಕಲ್ಲಾಗಿಯೇ ಬಿಟ್ಟು, ಜಮಖಾನವನ್ನು ಗೋಡೆಯ ಬದಿಗೆ ಹಾಸಿದ್ದೇನೆ. ಅಡಿಯಲ್ಲಿ ಜಾರದಂತೆ ರಬ್ಬರಿನ ಜಾಳಿಗೆ ಇದೆ. ವಯಸ್ಸಾದವರು ಎಡವುವುದು ಮಡಚಿಕೊಂಡ ಮೂಲೆಗೆ, ಆದ್ದರಿಂದ ಮೂಲೆಗಳನ್ನು ದಿನವೂ ನೋಡುತ್ತೇನೆ. ಮಳೆಗಾಲ ಹಿಡಿಯುವ ಮೊದಲು ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ, ಬೇವಿನ ಎಲೆ ಇಟ್ಟು ಮಡಚಿಡುತ್ತೇನೆ. ನೆಲ ಒರೆಸುವ ನೀರಿಗೆ ವಿನೆಗರ್, ಆ್ಯಸಿಡ್ ಮಾತ್ರ ಸೇರಿಸಕೂಡದು.

ಮಗಳ ಆಸೆಯನ್ನೂ ಮರೆತಿಲ್ಲ. ಮಹಡಿಯ ಅವಳ ಕೋಣೆಗೆ ನೆಲದ ತೇವ ಬರುವುದಿಲ್ಲ. ಅಲ್ಲಿಗೆ ಕಲ್ಲಿನ ಪುಡಿ ಮತ್ತು ಪಿವಿಸಿ ಬೆರೆಸಿ ಮಾಡಿದ, ನೀರಿಗೆ ಉಬ್ಬದ ಎಸ್‌ಪಿಸಿ ಹಲಗೆಯನ್ನು ನೋಡಿದ್ದೇನೆ. ಅದಕ್ಕೆ ಅಡಿಯ ನೆಲ ಸಮನಾಗಿರಬೇಕು, ತಗ್ಗಿದ್ದರೆ ಹಲಗೆಯ ಕೊಂಡಿಗಳು ಮುರಿಯುತ್ತವೆ. ಹೀಗಾಗಿ ಗೌಂಡಿ ಬಂದು 6 ಅಡಿಯ ಪಟ್ಟಿ ಇಟ್ಟು ಸ್ಲ್ಯಾಬಿನ ಮಟ್ಟ ನೋಡಿದ ಮೇಲೆಯೇ ಹಲಗೆಗೆ ಮುಂಗಡ ಕೊಡುತ್ತೇನೆ.