ಸಂಬಳ ಏರಿಕೆ ಕೇಳುವ ಮುನ್ನ ಟಿಕೆಟ್ ಪಟ್ಟಿ ತೆರೆಯಿರಿ

ತುಮಕೂರು ಸುತ್ತಿನ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ, ಊರಿನ ಆಸ್ಪತ್ರೆ, ಕಾಲೇಜು, ಸಹಕಾರಿ ಬ್ಯಾಂಕುಗಳಲ್ಲಿ ಕಂಪ್ಯೂಟರ್, ಪ್ರಿಂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಐಟಿ ಸಪೋರ್ಟ್ ಸಿಬ್ಬಂದಿ ವಾರ್ಷಿಕ ಅಪ್ರೈಸಲ್ ಹೊತ್ತಿಗೆ ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ವರ್ಷವಿಡೀ ಮೈಮುರಿದು ದುಡಿದವರು ಮ್ಯಾನೇಜರ್ ಕೊಠಡಿಗೆ ಹೋಗಿ ಮನೆ ಬಾಡಿಗೆ, ಬೈಕಿನ ಇಎಂಐ, ತಂಗಿಯ ಮದುವೆ ಎಂದು ಕಷ್ಟ ತೋಡಿಕೊಂಡು, ಕೊನೆಗೆ ‘ಏನಾದ್ರೂ ನೋಡಿ ಮಾಡಿ ಸಾರ್’ ಎಂದು ಎದ್ದು ಬರುತ್ತಾರೆ. ಮ್ಯಾನೇಜರ್‌ಗೆ ಕರುಣೆ ಇಲ್ಲವೆಂದಲ್ಲ. ಆದರೆ ಸಂಬಳದ ಮೊತ್ತವನ್ನು ಅವರೊಬ್ಬರೇ ತೀರ್ಮಾನಿಸುವುದಿಲ್ಲ; ಅವರು ಎಚ್‌ಆರ್ ಮತ್ತು ಫೈನಾನ್ಸ್ ವಿಭಾಗದವರ ಮುಂದೆ ನಿಮ್ಮ ಪರವಾಗಿ ವಾದ ಮಾಡಬೇಕಾಗುತ್ತದೆ, ಅಲ್ಲಿ ನಿಮ್ಮ ಬೈಕಿನ ಇಎಂಐ ನಡೆಯುವುದಿಲ್ಲ. ಆ ವಾದಕ್ಕೆ ಬೇಕಾದ ಸರಕನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡುವುದೇ ಇಡೀ ಕೆಲಸದ ಮುಖ್ಯ ಭಾಗ. ಉಳಿದ ಹಂತಗಳು ಸುಲಭ.

ಮೊದಲ ಹಂತ: ಕಾಲ

ಹೆಚ್ಚಿನ ಕಂಪನಿಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏರಿಕೆಯ ಪತ್ರ ಏಪ್ರಿಲ್‌ನಲ್ಲೋ ಜುಲೈನಲ್ಲೋ ಬಂದರೂ ವಿಭಾಗಕ್ಕೆ ಇಷ್ಟು ಎಂಬ ಮೊತ್ತ ಸಾಮಾನ್ಯವಾಗಿ ಅದಕ್ಕೂ ಮುಂಚೆಯೇ ನಿಗದಿಯಾಗಿರುತ್ತದೆ. ಆದ್ದರಿಂದ ಸಂಕ್ರಾಂತಿ ಕಳೆದ ಮೇಲೆ ಮ್ಯಾನೇಜರ್ ಬಳಿ ಒಂದು ಮಾತು ಹಾಕಿಡಿ: ‘ಸಾರ್, ಈ ಸಲದ ಅಪ್ರೈಸಲ್‌ನಲ್ಲಿ ಸಂಬಳದ ವಿಷಯ ಮಾತಾಡ್ಬೇಕು, ಒಂದರ್ಧ ಗಂಟೆ ಬೇಕು.’ ಅಷ್ಟು ಸಾಕು.

ಎರಡನೆಯ ಹಂತ: ಸಂಬಳ ಕೊಡುವವರು ಯಾರು

ಕಾರ್ಖಾನೆಯ ನೇರ ನೌಕರರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಬೆಂಗಳೂರಿನ ಯಾವುದೋ ಸರ್ವೀಸ್ ಕಂಪನಿಯ ಪೇರೋಲ್‌ನಲ್ಲಿದ್ದು ಇಲ್ಲಿ ರೆಸಿಡೆಂಟ್ ಎಂಜಿನಿಯರ್ ಆಗಿ ಕುಳಿತಿರುವವರು ಮಾತ್ರ ಎಚ್ಚರ ವಹಿಸಬೇಕು. ನಿತ್ಯ ಕೆಲಸ ಹೇಳುವ ಕಾರ್ಖಾನೆಯ ಐಟಿ ಮ್ಯಾನೇಜರ್ ನಿಮ್ಮ ಸಂಬಳ ಏರಿಸಲಾರರು. ಏರಿಸಬೇಕಾದ ಕಂಪನಿಗೆ ನಿಮ್ಮ ಮುಖವೇ ನೆನಪಿರುವುದಿಲ್ಲ. ಅಲ್ಲಿ ನಿಮ್ಮ ಹೆಸರಿನಲ್ಲಿ ಬರುವ ಹಣ ಕಾರ್ಖಾನೆಯ ಜೊತೆಗಿನ ಒಪ್ಪಂದದ ದರಕ್ಕೆ ಕಟ್ಟುಬಿದ್ದಿರುವುದರಿಂದ ಆ ಒಪ್ಪಂದ ಯಾವ ತಿಂಗಳು ನವೀಕರಣಕ್ಕೆ ಬರುತ್ತದೆ ಎಂದು ತಿಳಿದುಕೊಂಡು, ಅದಕ್ಕೆ ಎರಡು ತಿಂಗಳು ಮುಂಚೆ ಕೇಳಬೇಕು. ಜೊತೆಗೆ ಕಾರ್ಖಾನೆಯ ಮ್ಯಾನೇಜರ್ ಅವರಿಂದ ನಿಮ್ಮ ಕೆಲಸದ ಬಗ್ಗೆ ಒಂದು ಇಮೇಲ್ ಬರೆಸಿಕೊಳ್ಳಬೇಕು. ‘ಹುಡುಗ ಒಳ್ಳೆಯವನು’ ಎಂಬ ಇಮೇಲ್ ಪ್ರಯೋಜನಕ್ಕೆ ಬಾರದು. ‘ಈ ವ್ಯಕ್ತಿಯನ್ನು ಬದಲಿಸಿದರೆ ನಮಗೆ ತೊಂದರೆಯಾಗುತ್ತದೆ’ ಎಂಬ ಅರ್ಥದ ಒಂದು ಸಾಲು ಇದ್ದರೆ ಒಪ್ಪಂದ ಉಳಿಸಿಕೊಳ್ಳಬೇಕಾದ ಕಂಪನಿ ಅದನ್ನು ಎರಡು ಸಲ ಓದುತ್ತದೆ.

ಮೂರನೆಯ ಹಂತ: ಹಾಳೆ

ಸರ್ವರ್ ಕೆಟ್ಟ ದಿನ ಇಡೀ ಆಫೀಸಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಕೆಡದೆ ನಡೆದ ಉಳಿದ ದಿನಗಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆ ದಿನಗಳಿಗೆ ಇರುವ ಒಂದೇ ಸಾಕ್ಷಿ ಟಿಕೆಟ್ ದಾಖಲೆ, ಅಂದರೆ ಬಂದ ಪ್ರತಿ ದೂರಿಗೂ ಸಾಫ್ಟ್‌ವೇರ್‌ನಲ್ಲಿ ತೆರೆಯುವ ನಮೂದು. ಆದ್ದರಿಂದ ಟಿಕೆಟ್ ಸಾಫ್ಟ್‌ವೇರ್‌ನಿಂದ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಪೂರ್ತಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ನಮ್ಮ ಕಡೆಯ ಎಷ್ಟೋ ಸಂಸ್ಥೆಗಳಲ್ಲಿ ಟಿಕೆಟ್ ಎಂಬುದೇ ಇಲ್ಲ, ಫೋನ್ ಮಾಡಿದರೆ ಹೋಗಿ ನೋಡುವುದಷ್ಟೇ ಪದ್ಧತಿ. ಅಂಥವರು ವಾಟ್ಸ್‌ಆ್ಯಪ್ ಗುಂಪಿನ ಹಳೆಯ ಸಂದೇಶಗಳು, ರಿಪೇರಿಗೆ ಕಳಿಸಿದ ಯಂತ್ರಗಳ ಗೇಟ್ ಪಾಸ್, ವೆಂಡರ್‌ಗೆ ದೂರು ಕೊಟ್ಟಾಗ ಸಿಕ್ಕ ಕಾಲ್ ನಂಬರ್ ಇವುಗಳಿಂದ ವರ್ಷವನ್ನು ಮತ್ತೆ ಕಟ್ಟಬೇಕು. ನಾಳೆಯಿಂದಲೇ ಒಂದು ರಿಜಿಸ್ಟರ್ ಆರಂಭಿಸಬೇಕು.

ಪಟ್ಟಿ ಸಿಕ್ಕ ಕೂಡಲೇ ಎಲ್ಲರೂ ಮಾಡುವ ಕೆಲಸವೆಂದರೆ ಒಟ್ಟು ಸಂಖ್ಯೆಯನ್ನು ದೊಡ್ಡದಾಗಿ ಬರೆಯುವುದು. ಅದನ್ನು ಮಾಡಬೇಡಿ. ಎರಡು ಸಾವಿರ ಟಿಕೆಟ್ ಮುಗಿಸಿದೆ ಎಂದರೆ ಮ್ಯಾನೇಜರ್‌ಗೆ ಮೊದಲು ಹೊಳೆಯುವುದು ಅದರಲ್ಲಿ ಎಷ್ಟು ಪಾಸ್‌ವರ್ಡ್ ರಿಸೆಟ್ ಎಂಬ ಪ್ರಶ್ನೆ. ಎರಡನೆಯದು, ಇಷ್ಟೊಂದು ದೂರು ಯಾಕೆ ಬಂದವು ಎಂಬ ಪ್ರಶ್ನೆ. ಎರಡಕ್ಕೂ ನಿಮ್ಮ ಬಳಿ ಹಿತವಾದ ಉತ್ತರ ಇರುವುದಿಲ್ಲ. ಸಂಖ್ಯೆಯ ಬದಲು ಪಟ್ಟಿಯನ್ನು ಜಾಗ ಮತ್ತು ಯಂತ್ರದ ಪ್ರಕಾರ ವಿಂಗಡಿಸಿ, ತಿಂಗಳುಗಟ್ಟಲೆ ಬರುತ್ತಿದ್ದು ನೀವು ಕೈ ಹಾಕಿದ ಮೇಲೆ ನಿಂತುಹೋದ ದೂರು ಯಾವುದು ಎಂದು ಹುಡುಕಿ. ನಿಮ್ಮ ಹಾಳೆಯ ಮೊದಲ ಸಾಲು ಅದೇ.

ಉದಾಹರಣೆಗೆ ಡಿಸ್ಪ್ಯಾಚ್ ವಿಭಾಗದ ಬಾರ್‌ಕೋಡ್ ಲೇಬಲ್ ಪ್ರಿಂಟರ್ ತೆಗೆದುಕೊಳ್ಳಿ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ‘ಆಫ್‌ಲೈನ್’ ಎಂದು ತೋರಿಸುತ್ತದೆ, ನೀವು ಹೋಗಿ ಪ್ರಿಂಟರ್ ತೆಗೆದು ಮತ್ತೆ ಸೇರಿಸಿ ಬರುತ್ತೀರಿ, ಟಿಕೆಟ್ ಮುಚ್ಚುತ್ತೀರಿ. ಒಂದು ದಿನ ಕುಳಿತು ನೋಡಿದಾಗ, ಕರೆಂಟ್ ಬಂದ ಮೇಲೆ ಪ್ರಿಂಟರ್ ನೆಟ್‌ವರ್ಕ್‌ನಿಂದ ಹೊಸ ಐಪಿ ವಿಳಾಸ ಪಡೆಯುತ್ತಿದೆ, ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕಳಿಸುತ್ತಿದೆ ಎಂದು ತಿಳಿಯುತ್ತದೆ. ವಿಳಾಸವನ್ನು ಕಾಯಂ ಮಾಡುತ್ತೀರಿ, ದೂರು ನಿಲ್ಲುತ್ತದೆ. ಹತ್ತು ನಿಮಿಷದ ಈ ಕೆಲಸವನ್ನು ‘ಪ್ರಿಂಟರ್ ಸಮಸ್ಯೆ ಬಗೆಹರಿಸಿದೆ’ ಎಂದು ಬರೆದರೆ ಸತ್ತುಹೋಗುತ್ತದೆ. ‘ಡಿಸ್ಪ್ಯಾಚ್ ಲೇಬಲ್ ಪ್ರಿಂಟರ್: ಆಗಸ್ಟ್‌ವರೆಗೆ ತಿಂಗಳಿಗೆ ಐದಾರು ದೂರು, ಪ್ರತಿ ಸಲ ಮುಕ್ಕಾಲು ಗಂಟೆ ಲೋಡಿಂಗ್ ನಿಲುಗಡೆ, ಸೆಪ್ಟೆಂಬರ್‌ನಲ್ಲಿ ಮೂಲ ಕಾರಣ ಸರಿಪಡಿಸಿದ ಮೇಲೆ ಒಂದೂ ಇಲ್ಲ’ ಎಂದು ಬರೆದರೆ ಅದನ್ನು ಪ್ಲಾಂಟ್ ಹೆಡ್ ಕೂಡ ಓದುತ್ತಾರೆ, ಏಕೆಂದರೆ ನಿಂತ ಲಾರಿ ಅವರ ತಲೆನೋವು. ಇದೇ ರೀತಿ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಸಾಗಿಸಲು ಇ-ವೇ ಬಿಲ್ ಬೇಕು; ಇಂಟರ್ನೆಟ್ ಕೈಕೊಟ್ಟರೆ ಬಿಲ್ ಹುಟ್ಟುವುದಿಲ್ಲ, ಗಾಡಿ ಗೇಟಿನಲ್ಲೇ ಉಳಿಯುತ್ತದೆ. ಎರಡನೆಯ ಇಂಟರ್ನೆಟ್ ಲಿಂಕ್‌ಗೆ ತಾನೇ ಬದಲಾಗುವ ವ್ಯವಸ್ಥೆಯನ್ನು ನೀವು ಮಾಡಿಟ್ಟಿದ್ದರೆ, ರೂಟರ್‌ನ ಹೆಸರು ಬರೆಯುವುದನ್ನು ಬಿಟ್ಟು ಎಷ್ಟು ಸಲ ಲಿಂಕ್ ಬಿದ್ದರೂ ಗಾಡಿ ಹೊರಟಿತು ಎಂಬುದನ್ನು ಬರೆಯಿರಿ.

ಎರಡನೆಯ ಸಾಲಿಗೆ ಟಿಕೆಟ್ ಇಲ್ಲದೆ ಮಾಡಿದ ಕೆಲಸಗಳನ್ನು ನೆನಪಿಸಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹೊತ್ತಿಗೆ ಯಾವ ಯಂತ್ರದಲ್ಲಿ ಟಿಪಿಎಂ 2.0 (ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್) ಇದೆ, ಯಾವುದನ್ನು ಉಳಿಸಬಹುದು, ಯಾವುದನ್ನು ಬದಲಿಸಲೇಬೇಕು ಎಂದು ಪಟ್ಟಿ ಮಾಡಿದವರು ಸಪೋರ್ಟ್‌ನವರೇ. ಆ ಪಟ್ಟಿಯಿಂದ ಎಷ್ಟು ಹೊಸ ಕಂಪ್ಯೂಟರ್ ಖರೀದಿ ತಪ್ಪಿತು ಎಂಬುದಕ್ಕೆ ಖರೀದಿ ವಿಭಾಗದಲ್ಲಿ ಕೊಟೇಶನ್ ಇರುತ್ತದೆ. ಬ್ಯಾಕಪ್‌ನಿಂದ ಫೈಲ್ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿದ್ದು, ಯುಪಿಎಸ್ ಬ್ಯಾಟರಿ ಕೈಕೊಡುವ ಮುನ್ನ ಬದಲಿಸಿದ್ದು, ಆಯುಧಪೂಜೆಯ ರಜೆಯಲ್ಲಿ ಎಲ್ಲರೂ ಪೂಜೆ ಮುಗಿಸಿ ಹೋದ ಮೇಲೆ ಸ್ವಿಚ್ ಬದಲಿಸಿದ್ದು ಇವೂ ಸೇರಲಿ. ಹಣದ ಲೆಕ್ಕ ಹಾಕುವಾಗ ಬಿಲ್ ಅಥವಾ ಕೊಟೇಶನ್ ಇರುವ ಮೊತ್ತವನ್ನಷ್ಟೇ ಬರೆಯಿರಿ. ‘ಕಂಪನಿಗೆ ಹತ್ತು ಲಕ್ಷ ಉಳಿಸಿದೆ’ ಎಂದು ಗಾಳಿಯಲ್ಲಿ ಬರೆದವರನ್ನು ಫೈನಾನ್ಸ್‌ನವರು ಒಂದೇ ಪ್ರಶ್ನೆಯಲ್ಲಿ ಮಲಗಿಸುತ್ತಾರೆ, ಆಮೇಲೆ ಹಾಳೆಯಲ್ಲಿರುವ ನಿಜವೂ ಸುಳ್ಳಿನಂತೆ ಕಾಣುತ್ತದೆ.

ಇನ್ನೊಂದು ಎಚ್ಚರ: ನಿಮ್ಮ ಕೆಟ್ಟ ತಿಂಗಳನ್ನು ನೀವೇ ಮೊದಲು ಹುಡುಕಿಡಿ. ಮುಚ್ಚಿದ ಟಿಕೆಟ್ ಮತ್ತೆ ತೆರೆದಿದ್ದು ಎಷ್ಟು, ಎಸ್‌ಎಲ್‌ಎ (ದೂರು ಮುಗಿಸಲು ಒಪ್ಪಿಕೊಂಡ ಗಡುವು) ಸಮಯ ಮೀರಿದ್ದು ಎಷ್ಟು ಎಂಬುದು ಮ್ಯಾನೇಜರ್‌ಗೂ ಕಾಣುವ ಪಟ್ಟಿಯಲ್ಲೇ ಇರುತ್ತದೆ. ಸಮಯ ಮೀರಬಾರದೆಂದು ಕೆಲಸ ಮುಗಿಯುವ ಮೊದಲೇ ಟಿಕೆಟ್ ಮುಚ್ಚುವ ಅಡ್ಡದಾರಿ ಎಲ್ಲ ಕಡೆ ಇದೆ; ಮತ್ತೆ ತೆರೆದ ಟಿಕೆಟ್‌ಗಳ ಅಂಕಣ ಅದನ್ನು ಹೇಳಿಬಿಡುತ್ತದೆ. ತಡವಾಗಿದ್ದಕ್ಕೆ ಬಿಡಿಭಾಗ ಬರಲಿಲ್ಲ ಎಂಬ ಕಾರಣವಿದ್ದರೆ ವೆಂಡರ್ ಜೊತೆಗಿನ ಇಮೇಲ್ ಕೈಯಲ್ಲಿರಲಿ.

ಸರ್ಟಿಫಿಕೇಟುಗಳ ಬಗ್ಗೆ ನನ್ನದು ಖಡಾಖಂಡಿತ ಮಾತು: ಹಾಳೆಯ ಕೊನೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡಬೇಡಿ. ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಸಿಸಿಎನ್‌ಎ ಮೂರು ವರ್ಷಕ್ಕೆ ಮುಗಿಯುತ್ತದೆ. ತನ್ನ ಎಂಸಿಎಸ್‌ಎ ಸರ್ಟಿಫಿಕೇಟಿನ ಪರೀಕ್ಷೆಗಳನ್ನು ಮೈಕ್ರೋಸಾಫ್ಟ್ 2021ರ ಜನವರಿಯಲ್ಲೇ ನಿಲ್ಲಿಸಿದೆ. ಅದನ್ನು ಈಗಲೂ ಕಲಿಸುತ್ತೇವೆ ಎನ್ನುವ ಇನ್‌ಸ್ಟಿಟ್ಯೂಟ್‌ಗೆ ಹಣ ಕಟ್ಟುವುದು ದಂಡ. ಡಂಪ್ (ಸೋರಿಕೆಯಾದ ಪ್ರಶ್ನೋತ್ತರಗಳು) ಬಾಯಿಪಾಠ ಮಾಡಿ ಪಾಸಾದ ಪರೀಕ್ಷೆ ಮೊದಲ ಮರುಪ್ರಶ್ನೆಗೇ ಬಯಲಾಗುತ್ತದೆ. ಇಂಟರ್ನೆಟ್‌ನಲ್ಲಿ ಸಿಗುವ ‘ಸಂಬಳ ಏರಿಕೆ ಪತ್ರ’ದ ಸಿದ್ಧ ಮಾದರಿಗಳೂ ಅಷ್ಟೇ, ಹೆಸರು ಬದಲಿಸಿ ಕಳಿಸಿದ ಪತ್ರವನ್ನು ಎಚ್‌ಆರ್‌ನವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ಹಾಳೆ ಒಂದೇ ಇರಲಿ, ಮೂರು ವಿಷಯ ಸಾಕು, ಎರಡು ಪ್ರತಿ ಪ್ರಿಂಟ್ ಮಾಡಿ. ಬೆಂಗಳೂರಿನ ಕಚೇರಿಗೆ ಹೋಗುವುದಿದ್ದರೆ ಇಂಗ್ಲಿಷ್‌ನಲ್ಲಿರಲಿ. ಮಾತು ಮಾತ್ರ, ಮ್ಯಾನೇಜರ್ ಕನ್ನಡದವರಾಗಿದ್ದರೆ, ಕನ್ನಡದಲ್ಲೇ ಆಡಿ. ಹಣದ ವಿಷಯವನ್ನು ತಡವರಿಸುವ ಇಂಗ್ಲಿಷ್‌ನಲ್ಲಿ ಹೇಳಿ ಅರ್ಧ ನುಂಗಿಕೊಂಡವರೇ ಹೆಚ್ಚು.

ನಾಲ್ಕನೆಯ ಹಂತ: ಮೊತ್ತ

ಪರ್ಸೆಂಟ್‌ನಲ್ಲಿ ಕೇಳಬೇಡಿ, ತಿಂಗಳಿಗೆ ಇಷ್ಟು ರೂಪಾಯಿ ಎಂದು ಕೇಳಿ. ಇಪ್ಪತ್ತು ಸಾವಿರದ ಸಂಬಳದಲ್ಲಿ ಹತ್ತು ಪರ್ಸೆಂಟ್ ಎಂಬುದು ಕಿವಿಗೆ ದೊಡ್ಡದು, ಕೈಗೆ ಎರಡೇ ಸಾವಿರ. ಅದೂ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಮೇಲಿನ ಏರಿಕೆಯಾದರೆ ಪೂರ್ತಿ ಕೈಗೆ ಬರುವುದಿಲ್ಲ. ಈಗಿನ ಗ್ರಾಸ್ (ಕಡಿತಕ್ಕೆ ಮುಂಚಿನ) ಸಂಬಳ 23,000 ಇರುವವರಿಗೆ ಸಿಟಿಸಿಯಲ್ಲಿ ತಿಂಗಳಿಗೆ 3,000 ಏರಿತೆನ್ನಿ, ಅದರಲ್ಲಿ ಬೇಸಿಕ್ ಅರ್ಧ, ಅಂದರೆ 1,500. ಅದರ ಮೇಲೆ ಕಂಪನಿಯ ಪಾಲಿನ ಪಿಎಫ್ 12 ಪರ್ಸೆಂಟ್ 180 ರೂಪಾಯಿ, ಗ್ರಾಚ್ಯುಟಿ 4.81 ಪರ್ಸೆಂಟ್ ಸುಮಾರು 72 ರೂಪಾಯಿ; ಎರಡನ್ನೂ ಸಿಟಿಸಿಯೊಳಗೇ ಎಣಿಸುವ ಕಂಪನಿಯಲ್ಲಿ ಗ್ರಾಸ್ ಏರುವುದು 2,748. ನಿಮ್ಮ ಪಾಲಿನ ಪಿಎಫ್ 180 ಕಳೆದರೆ 2,568. ಗ್ರಾಸ್ 25,000 ದಾಟಿದ್ದರಿಂದ ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ ಶುರುವಾಗಿ ಉಳಿಯುವುದು 2,368. ಪಿಎಫ್ ಹಣ ನಿಮ್ಮದೇ, ನಿಜ; ಆದರೆ ಮನೆ ಬಾಡಿಗೆ ಕಟ್ಟಲು ಅದು ಸಿಗುವುದಿಲ್ಲ. ಆದ್ದರಿಂದ ಕೈಗೆ ಎಷ್ಟು ಬೇಕು ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಸಿಟಿಸಿ ಹೇಳಬೇಕು.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರು ಇನ್ನೊಂದು ಗೆರೆಯನ್ನು ನೋಡಬೇಕು. ಅದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ವಂತಿಗೆ ಮುಂದುವರಿಯುತ್ತದೆ, ಆಮೇಲೆ ನಿಲ್ಲುತ್ತದೆ. ನಿಮ್ಮ ಕಡಿತ 0.75 ಪರ್ಸೆಂಟ್ ಮಾತ್ರ, ಅದು ಉಳಿದ ಸಂತೋಷಕ್ಕಿಂತ ಅಪ್ಪ ಅಮ್ಮನ ಚಿಕಿತ್ಸೆಗೆ ಇದ್ದ ಆಸರೆ ಹೋಗುವ ಪೆಟ್ಟು ದೊಡ್ಡದು. ಏರಿಕೆ ಈ ಗೆರೆಯನ್ನು ಸ್ವಲ್ಪವೇ ದಾಟುವಂತಿದ್ದರೆ, ಹೆತ್ತವರೂ ಸೇರುವ ಗುಂಪು ಆರೋಗ್ಯ ವಿಮೆಯನ್ನು ಅದೇ ಸಭೆಯಲ್ಲಿ ಕೇಳಿ.

ಐದನೆಯ ಹಂತ: ಸಭೆ

ಹಾಳೆ ಮೇಜಿನ ಮೇಲಿಟ್ಟು ಮಾತು ಆರಂಭಿಸಿ: ‘ಸಾರ್, ಡಿಸ್ಪ್ಯಾಚ್ ಪ್ರಿಂಟರ್ ಕತೆ ನಿಮಗೇ ಗೊತ್ತು. ಈ ವರ್ಷ ಅಂಥ ಮೂರು ಕೆಲಸ ಮಾಡಿದೀನಿ, ಇದ್ರಲ್ಲಿ ಬರ್ದಿದೀನಿ. ತಿಂಗಳಿಗೆ ನಾಲ್ಕು ಸಾವಿರ ಏರಿಸಬೇಕು ಅಂತ ಕೇಳ್ತಿದೀನಿ.’ ಮೊತ್ತ ಹೇಳಿದ ಉಸಿರಲ್ಲೇ ‘ಇಲ್ಲಾಂದ್ರೆ ಮೂರು ಆದ್ರೂ’ ಎಂದು ಸೇರಿಸುವ ಚಾಳಿ ನಮ್ಮಲ್ಲಿ ವಿಪರೀತ. ಚೌಕಾಸಿ ಮಾಡುವುದು ಅವರ ಕೆಲಸ, ಅದನ್ನು ನೀವೇ ಮಾಡಿಕೊಡಬೇಡಿ.

‘ಈ ಸಲ ಎಲ್ಲರಿಗೂ ಸಮಾನ ಪರ್ಸೆಂಟ್’ ಎಂಬ ಉತ್ತರ ಬಂದರೆ ಹುದ್ದೆಯ ಹೆಸರಿನ ಕಡೆಗೆ ತಿರುಗಿ. ಎಲ್1 (ಮೊದಲ ಹಂತದ ಸಪೋರ್ಟ್) ಎಂದು ಸೇರಿಸಿಕೊಂಡು ಎಲ್2 (ಅದರ ಮೇಲಿನ ಹಂತ) ಕೆಲಸ ಮಾಡಿಸುತ್ತಿದ್ದರೆ, ಡೆಸ್ಕ್‌ಟಾಪ್ ಸಪೋರ್ಟ್ ಎಂದು ಬರೆದು ಸರ್ವರ್ ನೋಡಿಸುತ್ತಿದ್ದರೆ, ಹುದ್ದೆ ಬದಲಾದಾಗ ಸಂಬಳದ ಶ್ರೇಣಿಯೂ ಬದಲಾಗುತ್ತದೆ, ಅದಕ್ಕೆ ಆ ಸಮಾನ ಪರ್ಸೆಂಟ್ ಅಡ್ಡ ಬರುವುದಿಲ್ಲ. ರಾತ್ರಿ ಮತ್ತು ಭಾನುವಾರದ ಕರೆಗಳಿಗೆ ಪ್ರತ್ಯೇಕ ಭತ್ಯೆಯನ್ನೂ ಕೇಳಬಹುದು. ಕರೆಗಳ ದಿನಾಂಕ ಬರೆದಿಟ್ಟಿದ್ದರೆ ಮಾತ್ರ ಕೇಳಿ. ‘ನೋಡೋಣ’ ಎಂದರೆ ‘ಯಾವಾಗ ಕೇಳ್ಲಿ ಸಾರ್?’ ಎಂದು ತಾರೀಖು ಪಡೆಯಿರಿ.

ಬೆಂಗಳೂರಿನ ಸಂಬಳದ ಹೋಲಿಕೆ ತೆಗೆಯದಿರುವುದು ಒಳ್ಳೆಯದು. ದಿನಾ ರೈಲಿನಲ್ಲಿ ಸುಮಾರು 70 ಕಿಲೋಮೀಟರ್ ಹೋಗಿಬರುವ ಅಥವಾ ಅಲ್ಲಿ ಬಾಡಿಗೆ ಕಟ್ಟುವ ಲೆಕ್ಕ ಮ್ಯಾನೇಜರ್‌ಗೂ ಗೊತ್ತಿದೆ. ಬೇರೆ ಕಂಪನಿಯ ಆಫರ್ ಪತ್ರ ತೋರಿಸುವುದಿದ್ದರೆ, ನಿಜವಾಗಿಯೂ ಹೋಗಲು ಸಿದ್ಧರಿದ್ದಾಗ ಮಾತ್ರ ತೋರಿಸಿ.

ಆರನೆಯ ಹಂತ: ಪತ್ರ

ಮಾತಾದ ದಿನವೇ ನಾಲ್ಕು ಸಾಲಿನ ಇಮೇಲ್ ಕಳಿಸಿ, ಹಾಳೆಯನ್ನೂ ಲಗತ್ತಿಸಿ. ಮ್ಯಾನೇಜರ್ ಅದನ್ನೇ ಮೇಲಕ್ಕೆ ಫಾರ್ವರ್ಡ್ ಮಾಡುವಂತಿರಲಿ. ಏರಿಕೆಯ ಪತ್ರ ಬಂದಾಗ ಮೂರು ವಿಷಯ ನೋಡಿ ಸಹಿ ಹಾಕಿ: ಯಾವ ದಿನಾಂಕದಿಂದ ಜಾರಿ, ಹಿಂಬಾಕಿ ಇದ್ದರೆ ಯಾವ ತಿಂಗಳ ಸಂಬಳದಲ್ಲಿ, ಏರಿಕೆಯಲ್ಲಿ ವೇರಿಯಬಲ್ ಪೇ (ಖಾತ್ರಿಯಿಲ್ಲದೆ, ಸಾಧನೆ ನೋಡಿ ಕೊಡುವ ಭಾಗ) ಎಷ್ಟು. ಏರಿಕೆಯ ಬಹುಪಾಲು ವೇರಿಯಬಲ್‌ಗೆ ಹೋಗಿದ್ದರೆ ಸಹಿಗೆ ಮುನ್ನವೇ ಎಚ್‌ಆರ್‌ಗೆ ಬರೆದು ಕೇಳಿ, ಸಹಿಯಾದ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡುವವರು ಸಿಗುವುದಿಲ್ಲ.